ಸಪ್ಪೆ ಟೀ

ನಾಯಕನಹಟ್ಟಿ ಕಡೆ ಸಕ್ಕರೆಯಿಲ್ಲದ ಟೀ ಕೇಳಿ ನೋಡಿ. ‘ಶುಗರ್ ಬಂತಾ ಸಾ?’ ಎಂಬ ಪ್ರಶ್ನೆ ಲೋಟಕ್ಕಿಂತ ಮೊದಲು ಬರುತ್ತದೆ. ಇಲ್ಲಪ್ಪ, ತೂಕ ಇಳಿಸಬೇಕು ಅಂದರೆ, ‘ಅಷ್ಟೇ ತಾನೆ!’ ಎಂದು ನಿರಾಳವಾಗಿ ಒಂದು ಚಮಚ ಹಾಕಿಯೇ ಕೊಡುತ್ತಾರೆ. ಬೇಡ ಅನ್ನುವ ಹಕ್ಕು ಕಾಯಿಲೆಯವರಿಗೆ ಮಾತ್ರ, ಸುಮ್ಮನೆ ದಪ್ಪಗಿರುವವರಿಗಿಲ್ಲ.

ಡಾಕ್ಟರು ಹೇಳಿದ್ದು ಎರಡೇ ಮಾತು: ನಡೀರಿ, ಸಿಹಿ ಬಿಡಿ. ಮೊದಲನೆಯದು ಸುಲಭ, ಪಕ್ಕದಲ್ಲೇ ವರವು ಕಾವಲ್ ಇದೆ. ಗೋಡೆಯಾಚೆ ಡಿಆರ್‌ಡಿಒದವರು ವಿಮಾನ ಪರೀಕ್ಷಿಸುವ ನೆಲೆ, 2017ರಲ್ಲಿ ಉದ್ಘಾಟನೆಯಾದದ್ದು. ಈಚೆ ಕುರಿಗಳು, ಮತ್ತು ನಾನು. ಕುರಿ ಕಾಯುವ ಅಜ್ಜ ಒಂದು ದಿನ ತಡೆದು ಕೇಳಿದ, ‘ದಿನಾ ಏನ್ ಹುಡುಕ್ತೀರಿ ಸಾ, ಏನಾರ ಕಳಕೊಂಡಿದ್ದೀರಾ?’ ಕಳೆಯುವುದಕ್ಕೇ ಬರುತ್ತಿದ್ದೇನೆ, ಇನ್ನೂ ಆಗಿಲ್ಲ ಎಂದು ಹೇಗೆ ಹೇಳಲಿ?

ಈ ನೆಲ ಅಮೃತಮಹಲ್ ಕಾವಲು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳ ಈ ಇಲಾಖೆಗೆ ‘ಬೆಣ್ಣೆ ಚಾವಡಿ’ ಎಂಬ ಹೆಸರಿತ್ತು. ಅಮೃತಮಹಲ್ ಎಂದು ಕರೆದದ್ದು ಟಿಪ್ಪು. ಅರಮನೆಯ ಬೆಣ್ಣೆಗಾಗಿ ದನ ಮೇಯಿಸಿದ ಇಲಾಖೆಯ ಹುಲ್ಲುಗಾವಲಿನಲ್ಲಿ ನಾನು ಕೊಬ್ಬು ಕರಗಿಸುತ್ತಿದ್ದೇನೆ.

ಸಕ್ಕರೆಯದೇ ಕಷ್ಟ. ಸಂಜೆ ನಾಲ್ಕಾದರೆ ನಾಲಿಗೆ ತಾನಾಗಿ ಸಿಹಿ ಬೇಡುತ್ತದೆ. ಚಳ್ಳಕೆರೆ ಎಣ್ಣೆ ಗಿರಣಿಗಳ ಊರು, ಶೇಂಗಾಕ್ಕೆ ಬರವಿಲ್ಲ. ಒಂದು ಹಿಡಿ ಹುರಿದ ಶೇಂಗಾ ತಿಂದು, ನೀರು ಕುಡಿದು, ಯಾವುದಾದರೂ ಕೆಲಸಕ್ಕೆ ಕೈ ಹಚ್ಚಿದರೆ ಬಯಕೆ ಅಷ್ಟು ಹೊತ್ತಿಗೆ ತಣ್ಣಗಾಗುತ್ತದೆ. ಬೆಲ್ಲದ ಪಾಕ ಹಾಕಿದ ಚಿಕ್ಕಿಯೂ ಶೇಂಗಾವೇ ಅಲ್ಲವೇ ಎಂಬ ತರ್ಕ ಹುಟ್ಟುವ ಮೊದಲೇ ಎದ್ದುಬಿಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಲೆಕ್ಕ ಹಿಡಿದರೆ, ದಿನಕ್ಕೆ 25 ಗ್ರಾಂ, ಅಂದರೆ ಸುಮಾರು ಆರು ಚಮಚದೊಳಗಿದ್ದರೆ ಇನ್ನೂ ಒಳ್ಳೆಯದು. ನಾಲ್ಕು ಮನೆಗೆ ಹೋಗಿ ಬಂದರೆ ನಮ್ಮಲ್ಲಿ ಅದು ಮಧ್ಯಾಹ್ನಕ್ಕೇ ಮುಗಿಯುತ್ತದೆ.

ಆ ಮನೆಗಳವರನ್ನು ದೂರುವಂತಿಲ್ಲ. ನವಣೆ, ಸಾವೆ ಬೆಳೆಯುವ ಒಣ ಸೀಮೆಗೆ ಬಿಳಿ ಸಕ್ಕರೆ ದೂರದ ನೆಂಟ. ಶ್ರೀರಂಗಪಟ್ಟಣದ ಹತ್ತಿರ ಪಾಲಹಳ್ಳಿಯಲ್ಲಿ 1847ರಲ್ಲೇ ರೈತರ ಬೆಲ್ಲವನ್ನು ಶುದ್ಧಮಾಡಿ ಸಕ್ಕರೆ ತೆಗೆಯುವ ಕಾರ್ಖಾನೆ ಇತ್ತು. ಆ ಸಕ್ಕರೆ 1851ರ ಲಂಡನ್ ಪ್ರದರ್ಶನದಲ್ಲಿ ಪದಕ ಗೆದ್ದಿತು. ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಬಂದದ್ದು 1933ರಲ್ಲಿ. ಇದೆಲ್ಲ ಕಾವೇರಿ ಕಡೆಯ ವೈಭವ. ನನ್ನಜ್ಜಿಯ ಮನೆಯಲ್ಲಿ ಹಬ್ಬಕ್ಕೆ ಬೆಲ್ಲ; ರೇಷನ್ನಿನ ಸಕ್ಕರೆ ಡಬ್ಬಿಯಲ್ಲಿ ಅಡಗಿ ಕೂತು ನೆಂಟರಿಗಾಗಿ ಕಾಯುತ್ತಿತ್ತು. ಮಕ್ಕಳಿಗೆ ಕೊಡದೆ ಉಳಿಸಿದ್ದನ್ನು ಬಂದವರಿಗೆ ಕೊಡುವುದು ಮರ್ಯಾದೆ. ಅಂಥದ್ದನ್ನು ಬೇಡ ಅಂದರೆ ಅವರಿಗೆ ಕೇಳುವುದು ಸಕ್ಕರೆಯ ಸುದ್ದಿಯಲ್ಲ.

ಇದೇ ಸೀಮೆಯ ಮ್ಯಾಸಬೇಡರನ್ನು ನೋಡಿ ನನಗೆ ಹೊಟ್ಟೆಕಿಚ್ಚು. ಕೋಳಿ ತಿನ್ನಬಾರದು, ಈಚಲ ಹೆಂಡ ಮುಟ್ಟಬಾರದು ಎಂಬುದು ಅವರ ಹಳೆಯ ಕಟ್ಟು. ಕಟ್ಟು ಪಾಲಿಸುವವರಿಗೆ ‘ಮೈಗೆ ಹುಷಾರಿಲ್ವಾ?’ ಎಂದು ಯಾರೂ ಕೇಳುವುದಿಲ್ಲ. ಇಡೀ ಹಟ್ಟಿಯೇ ಒಲ್ಲೆ ಅಂದಾಗ ಒಬ್ಬರ ನಾಲಿಗೆ ಹೆಣಗಬೇಕಿಲ್ಲ. ನನ್ನ ಡಯಟ್ಟಿಗೆ ಹಟ್ಟಿಯೂ ಇಲ್ಲ, ದೇವರೂ ಇಲ್ಲ.

ದೇವರನ್ನಾದರೂ ಹೊಂದಿಸಿಕೊಳ್ಳೋಣವೆಂದು, ಮೊಳಕಾಲ್ಮೂರಿನ ದೊಡ್ಡಮ್ಮನ ಮನೆಯಲ್ಲಿ ಹೋಳಿಗೆ ಬಡಿಸಲು ಬಂದಾಗ ಹೇಳಿದೆ: ‘ತಿಪ್ಪೇಸ್ವಾಮಿ ತೇರಿನವರೆಗೆ ಸಕ್ಕರೆ ಬಿಟ್ಟಿದ್ದೀನಿ ದೊಡ್ಡಮ್ಮ, ಹರಕೆ.’ ದೊಡ್ಡಮ್ಮ ತಟ್ಟನೆ ಕೈ ಹಿಂದೆಗೆದು ಕಣ್ಣಿಗೊತ್ತಿಕೊಂಡರು. ಒಂದೇ ಒಂದು ಮರುಪ್ರಶ್ನೆಯಿಲ್ಲ. ಆಮೇಲೆ ಹೋಳಿಗೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

‘ಸಕ್ಕರೆ ತಾನೆ ಕಣಪ್ಪ ಬಿಟ್ಟಿರೋದು? ಇದು ಬೆಲ್ಲದ್ದು’ ಎಂದು ಎರಡು ಹಾಕಿದರು.