ಬಿಡದಿಯ ಅಲೆಗಳಲ್ಲಿ ಎರಡು ದಿನ

ನನಗೆ ಮಕ್ಕಳು ಮೂವರು, ಮೊಮ್ಮಕ್ಕಳು ನಾಲ್ವರು. ನಾನೂ ನನ್ನ ಹೆಂಡತಿಯೂ ಇರುವುದು ಶಿಡ್ಲಘಟ್ಟದಲ್ಲಿ. ದೊಡ್ಡ ಮಗ ಚಿಂತಾಮಣಿಯಲ್ಲಿ, ಚಿಕ್ಕವನು ಚಿಕ್ಕಬಳ್ಳಾಪುರದಲ್ಲಿ, ಮಗಳನ್ನು ಕೊಟ್ಟಿರುವುದು ಗೌರಿಬಿದನೂರಿಗೆ. ಎಲ್ಲವೂ ಒಂದೇ ಜಿಲ್ಲೆಯ ಊರುಗಳು. ಆದರೂ ಎಲ್ಲರೂ ಒಟ್ಟಿಗೆ ಸೇರುವುದು ಹಬ್ಬಕ್ಕೋ ಮದುವೆಗೋ ಮಾತ್ರ. ಈ ಬೇಸಿಗೆ ರಜೆಯಲ್ಲಿ ಮೊಮ್ಮಕ್ಕಳೇ ಸಭೆ ಸೇರಿ ತೀರ್ಮಾನ ಮಾಡಿಬಿಟ್ಟರು: "ತಾತ, ಈ ಸಲ ವಂಡರ್‌ಲಾ. ಬೆಳಿಗ್ಗೆ ಹೋಗಿ ಸಂಜೆ ಬರೋದಲ್ಲ, ಅಲ್ಲೇ ಹೋಟೆಲಲ್ಲಿ ಉಳ್ಕೋಬೇಕು."

ಮೂವರು ಕುಣಿದಾಡಿದರು. ಚಿಂತಾಮಣಿಯ ಮೊಮ್ಮಗಳು ಮಾತ್ರ ಸುಮ್ಮನಿದ್ದಳು. ಆರನೇ ತರಗತಿಯ ಜಾಣೆ, ಆದರೆ ನೀರೆಂದರೆ ಆಗದು. ಅದರಲ್ಲಿ ಅವಳ ತಪ್ಪೇನೂ ಇಲ್ಲ. ಅವಳು ಕಂಡಿರುವ ನೀರು ಅಂದರೆ ನಲ್ಲಿಯದು, ಟ್ಯಾಂಕರಿನದು, ಬಕೆಟಿನದು. ನಮ್ಮ ಕಾಲದಲ್ಲಿ ಹಾಗಿರಲಿಲ್ಲ. ಹೊಲದ ಕಪಿಲೆ ಬಾವಿಗಳಲ್ಲಿ ನೀರು ಕೈಗೆಟುಕುವಷ್ಟು ಮೇಲಿರುತ್ತಿತ್ತು. ಬೆನ್ನಿಗೆ ಒಣ ಸೋರೆ ಬುರುಡೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು ದೊಡ್ಡವರು ನಮ್ಮನ್ನು ಬಾವಿಗೆ ಇಳಿಸುತ್ತಿದ್ದರು. ಒಂದು ಬೇಸಿಗೆ ಮುಗಿಯುವಷ್ಟರಲ್ಲಿ ಈಜು ಬಂದಿರುತ್ತಿತ್ತು. ಆಮೇಲೆ ಕೊಳವೆ ಬಾವಿಗಳು ಬಂದವು. ನೀರು ನೂರು ಅಡಿ, ಐನೂರು ಅಡಿ, ಸಾವಿರ ಅಡಿ ದಾಟಿ ಕೆಳಕ್ಕೆ ಹೋಯಿತು. ತೆರೆದ ಬಾವಿಗಳಲ್ಲಿ ಮುಳ್ಳುಗಿಡ ಬೆಳೆದವು. ಬಾವಿ ಬತ್ತಿದ ಹಾಗೆ ಈಜೂ ಬತ್ತಿತು. ನನ್ನ ಗಂಡುಮಕ್ಕಳಿಬ್ಬರಿಗೂ ಈಜು ಬಾರದು.

ಬೇಸಿಗೆ ಬಂತೆಂದರೆ ಕೃಷಿ ಹೊಂಡದಲ್ಲಿಯೋ ಕಲ್ಲು ಕ್ವಾರಿಯ ಗುಂಡಿಯಲ್ಲಿಯೋ ಮುಳುಗಿದ ಮಕ್ಕಳ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಅದನ್ನು ಓದುವಾಗಲೆಲ್ಲ ನನಗೆ ಈ ನಾಲ್ವರ ಮುಖ ಕಣ್ಣಮುಂದೆ ಬರುತ್ತದೆ. ಹಾಗಾಗಿ ಬಿಡದಿಗೆ ನಾನು ಒಪ್ಪಿದ್ದರ ಹಿಂದೆ ಒಂದು ಲೆಕ್ಕಾಚಾರವಿತ್ತು: ಕಾವಲಿರುವ ಕಡೆ, ಚೊಕ್ಕಟ ನೀರಿನಲ್ಲಿ, ಮೊಮ್ಮಕ್ಕಳಿಗೆ ನೀರಿನ ಪರಿಚಯವಾಗಲಿ ಎಂದು.

ಬೆಟ್ಟದಿಂದ ಹೊರಟ ಹೊಳೆಯ ಹಿಂದೆ

ಹನ್ನೆರಡು ಸೀಟಿನ ಟೆಂಪೋ ಟ್ರಾವೆಲರ್ ಬೆಳಗಿನ ಜಾವ ಚಿಂತಾಮಣಿಯಲ್ಲಿ ಹೊರಟು, ಶಿಡ್ಲಘಟ್ಟದಲ್ಲಿ ನಮ್ಮನ್ನೂ ಚಿಕ್ಕಬಳ್ಳಾಪುರದಲ್ಲಿ ಚಿಕ್ಕ ಮಗನ ಸಂಸಾರವನ್ನೂ ಹತ್ತಿಸಿಕೊಂಡಿತು. ಗೌರಿಬಿದನೂರಿನವರು ಬಸ್ಸಿನಲ್ಲಿ ದೊಡ್ಡಬಳ್ಳಾಪುರಕ್ಕೆ ಬಂದು ಸೇರುವುದೆಂದು ಮಾತಾಗಿತ್ತು. ನಾವು ನಂದಿಯ ಮೇಲೆ ದೊಡ್ಡಬಳ್ಳಾಪುರದ ದಾರಿ ಹಿಡಿದೆವು.

ಮಕ್ಕಳೇ, 1,478 ಮೀಟರ್ ಎತ್ತರದ ನಂದಿಬೆಟ್ಟವನ್ನು ನೀವು ಸೂರ್ಯೋದಯಕ್ಕೋ ಮೋಡ ನೋಡುವುದಕ್ಕೋ ಹತ್ತಿರುತ್ತೀರಿ. ಅದು ನದಿಗಳ ತವರೂ ಹೌದು. ನಂದಿ ಮತ್ತು ಸುತ್ತಲಿನ ಬೆಟ್ಟಗಳ ಸಾಲಿನಿಂದ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿಗಳು ಹೊರಡುತ್ತವೆ. ಉತ್ತರ ಪಿನಾಕಿನಿ ಗೌರಿಬಿದನೂರಿನ ಕಡೆಯಿಂದ ಆಂಧ್ರಕ್ಕೆ ಹೋಗುತ್ತದೆ. ಅರ್ಕಾವತಿ ದಕ್ಷಿಣಕ್ಕೆ ತಿರುಗಿ ದೊಡ್ಡಬಳ್ಳಾಪುರ, ಹೆಸರಘಟ್ಟ, ತಿಪ್ಪಗೊಂಡನಹಳ್ಳಿ, ಮಂಚನಬೆಲೆ, ರಾಮನಗರ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ನಾವು ಹೊರಟಿದ್ದೂ ಹೆಚ್ಚುಕಡಿಮೆ ಅದೇ ದಿಕ್ಕಿಗೆ.

"ಹಾಗಾದ್ರೆ ಹೊಳೆ ತೋರಿಸಿ ತಾತ" ಎಂದಳು ಗೌರಿಬಿದನೂರಿನ ಮೊಮ್ಮಗಳು, ಗಾಡಿ ಹತ್ತಿದ ಕೂಡಲೇ. ತೋರಿಸಲು ಹೊಳೆ ಇರಲಿಲ್ಲ. ಮೇ ತಿಂಗಳಲ್ಲಿ ಅರ್ಕಾವತಿ ಎಂದರೆ ಜೊಂಡು, ಜಾಲಿ, ಅಲ್ಲೊಂದು ಇಲ್ಲೊಂದು ಹೊಂಡ. ಇದೇ ಹೊಳೆಗೆ ಹೆಸರಘಟ್ಟದಲ್ಲಿ ಕಟ್ಟೆ ಕಟ್ಟಿ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬೆಂಗಳೂರಿಗೆ ಕೊಳವೆಯಲ್ಲಿ ನೀರು ಕೊಟ್ಟರು. ಅದು ಸಾಲದಾದಾಗ ತಿಪ್ಪಗೊಂಡನಹಳ್ಳಿಯ ಚಾಮರಾಜಸಾಗರ 1933ರಲ್ಲಿ ಸಿದ್ಧವಾಯಿತು. ಒಂದು ಕಾಲಕ್ಕೆ ಬೆಂಗಳೂರು ಕುಡಿದದ್ದು ನಮ್ಮ ಬೆಟ್ಟದ ನೀರು ಎಂದೆ. ಒಂಬತ್ತನೇ ತರಗತಿಯ ದೊಡ್ಡ ಮೊಮ್ಮಗ ತಟ್ಟನೆ, "ಈಗ ಬೆಂಗಳೂರಿನ ನೀರು ನಮ್ಮೂರಿಗೆ ಬರ್ತಿದೆಯಲ್ಲ ತಾತ" ಎಂದ.

ಅವನ ಮಾತು ಸರಿ. ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧಮಾಡಿ, ಕೊಳವೆಯಲ್ಲಿ ಚಿಕ್ಕಬಳ್ಳಾಪುರದ ಕಂದವಾರ ಕೆರೆ ಮುಂತಾದ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಅದು ಕುಡಿಯುವುದಕ್ಕಲ್ಲ, ಅಂತರ್ಜಲ ಮೇಲೇರಲಿ ಎಂದು. ಮೂರನೇ ಹಂತದ ಶುದ್ಧೀಕರಣವೂ ಆಗಬೇಕೆಂದು ನಮ್ಮ ರೈತರು ಕೇಳುತ್ತಲೇ ಇದ್ದಾರೆ.

ತುಮಕೂರು ರಸ್ತೆಯಿಂದ ನೈಸ್ ರಸ್ತೆ ಹಿಡಿದು ಮೈಸೂರು ರಸ್ತೆಗೆ ಇಳಿದಾಗ ಕಿಟಕಿಯಿಂದ ನಾತ ಬಂತು. ಮಕ್ಕಳು ಮೂಗು ಮುಚ್ಚಿಕೊಂಡರು. ಅದು ವೃಷಭಾವತಿ. ಬೆಂಗಳೂರಿನಲ್ಲಿ ಹುಟ್ಟಿ, ಊರಿನ ಕೊಳೆಯನ್ನೆಲ್ಲ ಹೊತ್ತು, ಬಿಡದಿ ಬಳಿಯ ಬೈರಮಂಗಲ ಕೆರೆಗೆ ಹೋಗಿ, ಕೊನೆಗೆ ಸೇರುವುದು ಅದೇ ಅರ್ಕಾವತಿಯನ್ನು. ಒಂದು ಬೆಳಗಿನಲ್ಲಿ ಮಕ್ಕಳು ಒಂದು ಒಣಗಿದ ಹೊಳೆಯನ್ನೂ ಒಂದು ಕೊಳೆತ ಹೊಳೆಯನ್ನೂ ಕಂಡರು. ಬಿಡದಿಯಲ್ಲಿ ಬಿಸಿ ತಟ್ಟೆ ಇಡ್ಲಿ, ಮೇಲೆ ಬೆಣ್ಣೆ ಬಂದ ಮೇಲೆ ಎಲ್ಲರ ಮುಖ ಅರಳಿತು.

ಎತ್ತರವೇ ಠೇವಣಿ

ಆಟಗಳ ಉದ್ಯಾನ, ಪಕ್ಕದಲ್ಲೇ ಹೋಟೆಲು ಎಂಬ ಏರ್ಪಾಡು ಹೊಸದೇನಲ್ಲ. ಅಮೆರಿಕದಲ್ಲಿ ವಾಲ್ಟ್ ಡಿಸ್ನಿಯವರ ಡಿಸ್ನಿಲ್ಯಾಂಡ್ 1955ರಲ್ಲಿ ತೆರೆದಾಗ ಅದೇ ವರ್ಷ ಅದರ ಹೋಟೆಲೂ ಶುರುವಾಯಿತು. ನಮ್ಮಲ್ಲಿ ವಿ-ಗಾರ್ಡ್ ಕಂಪನಿಯ ಕೊಚೌಸೇಫ್ ಚಿಟ್ಟಿಲಪ್ಪಿಳ್ಳಿಯವರು 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ತೆರೆದರು. ಬಿಡದಿಯ ವಂಡರ್‌ಲಾ 2005ರದ್ದು. ಅದಕ್ಕೆ ಅಂಟಿಕೊಂಡ ರೆಸಾರ್ಟ್ 2012ರಲ್ಲಿ ಬಂತು, ಅಲ್ಲಿ 84 ಕೋಣೆಗಳಿವೆ. ನಾವು ಮೂರು ಕೋಣೆ ಹಿಡಿದೆವು. ಬಾಗಿಲಿಗೆ ಬೀಗದ ಕೈ ಇಲ್ಲ, ಕಾರ್ಡು. ಒಳಗೆ ಗೋಡೆಯ ಸೀಳಿನಲ್ಲಿ ಅದೇ ಕಾರ್ಡು ಸಿಕ್ಕಿಸಿದರೆ ಮಾತ್ರ ದೀಪ. ನನ್ನಾಕೆ ಕತ್ತಲೆಯಲ್ಲಿ ಗೋಡೆ ತಡವುತ್ತಿದ್ದಾಗ ಒಂದನೇ ತರಗತಿಯ ಪುಟ್ಟ ಓಡಿಬಂದು ಕಾರ್ಡು ಸಿಕ್ಕಿಸಿ, "ಅಜ್ಜಿ, ನಿಮಗೆ ಇಷ್ಟೂ ಗೊತ್ತಿಲ್ವಾ?" ಎಂದ. ಅವನಿಗೂ ಅದು ಗೊತ್ತಾಗಿ ಐದು ನಿಮಿಷವಾಗಿತ್ತಷ್ಟೇ.

ಆದರೆ ಉದ್ಯಾನದೊಳಗೆ ಪುಟ್ಟನ ಜಂಬ ಇಳಿಯಿತು. ಅಲ್ಲಿ ವಯಸ್ಸಿನ ಲೆಕ್ಕವಿಲ್ಲ, ಎತ್ತರದ ಲೆಕ್ಕ. ಪ್ರತಿ ದೊಡ್ಡ ಆಟದ ಬಾಗಿಲಲ್ಲೂ ಅಳತೆಯ ಗುರುತು. ಅದಕ್ಕೆ ತಲೆ ತಾಗದಿದ್ದರೆ ಒಳಗೆ ಬಿಡುವುದಿಲ್ಲ. ತುದಿಗಾಲಲ್ಲಿ ನಿಂತು ನೋಡಿದ, ಕೂದಲು ಎತ್ತಿ ನೋಡಿದ. ಬಾಗಿಲಿನ ಹುಡುಗ ನಕ್ಕು, ಎರಡು ವರ್ಷ ಚೆನ್ನಾಗಿ ಮುದ್ದೆ ತಿಂದು ಬಾ ಎಂದು ಕಳಿಸಿದ. ಭುಜದ ಕಬ್ಬಿಣದ ಪಟ್ಟಿ ಗಿಡ್ಡ ಮಕ್ಕಳನ್ನು ಸರಿಯಾಗಿ ಹಿಡಿಯದು, ಅದಕ್ಕೇ ಈ ಅಳತೆ. ಅಲ್ಲಿ ಹಟ ಮಾಡಬಾರದು.

ದೊಡ್ಡ ಮೊಮ್ಮಗ ಚಿಕ್ಕಪ್ಪನ ಜೊತೆ 'ರಿಕಾಯ್ಲ್' ಎಂಬ ರೋಲರ್ ಕೋಸ್ಟರ್ ಹತ್ತಿದ. ನಾನು ಕೆಳಗೆ ನಿಂತು ನೋಡಿದೆ. ಆ ಬಂಡಿಗೆ ಎಂಜಿನ್ ಇಲ್ಲ. ಮೊದಲು ಅದನ್ನು ಹಿಮ್ಮುಖವಾಗಿ ಎತ್ತರಕ್ಕೆ ಎಳೆದು ಬಿಟ್ಟುಬಿಡುತ್ತಾರೆ. ಮುಂದಿನ ಓಟವೆಲ್ಲ ಆ ಎತ್ತರದ ಬಲದಿಂದಲೇ. ಮಕ್ಕಳಿಗೆ ಅರ್ಥವಾಗಲೆಂದು ಹೀಗೆ ಹೇಳಿದೆ: ಎತ್ತರವೇ ಠೇವಣಿ. ಬಂಡಿ ಇಳಿಯುವಾಗ ಆ ಠೇವಣಿಯನ್ನು ವೇಗವಾಗಿ ಖರ್ಚು ಮಾಡುತ್ತದೆ. ಗಾಳಿಯೂ ಹಳಿಯ ಉಜ್ಜಾಟವೂ ನಡುವೆ ಸ್ವಲ್ಪ ಕಮಿಷನ್ ಹಿಡಿದುಕೊಳ್ಳುತ್ತವೆ. ಹಾಗಾಗಿ ಆ ಕಡೆಯ ಏರಿನ ತುದಿಗೆ ತಾನಾಗಿ ತಲುಪದು. ಅಲ್ಲಿ ಮತ್ತೊಮ್ಮೆ ಮೇಲಕ್ಕೆಳೆದು ಬಿಡುತ್ತಾರೆ, ಬಂದ ದಾರಿಯಲ್ಲೇ ಹಿಂದುಹಿಂದಾಗಿ ವಾಪಸು. ಹೋಗುವಾಗ ಮೂರು ಸಲ, ಬರುವಾಗ ಮೂರು ಸಲ ತಲೆಕೆಳಗು! ಇಳಿದು ಬಂದ ಮೊಮ್ಮಗ ಹತ್ತು ನಿಮಿಷ ಮಾತಾಡಲಿಲ್ಲ, ಆಮೇಲೆ ಸಂಜೆಯವರೆಗೂ ಬಾಯಿ ಮುಚ್ಚಲಿಲ್ಲ.

ನೈಲಾನ್ ಬಟ್ಟೆಯ ಗುಟ್ಟು

ನೀರಿನ ಆಟಗಳಿಗೆ ಹತ್ತಿ ಬಟ್ಟೆ ಹಾಕುವಂತಿಲ್ಲ, ನೈಲಾನ್ ಅಥವಾ ಪಾಲಿಯೆಸ್ಟರ್ ಆಗಬೇಕು. ನನ್ನಾಕೆಗೆ ಇದು ದೊಡ್ಡ ತಕರಾರಾಯಿತು. "ನಾನು ಸೀರೇಲೇ ಇರ್ತೀನಿ, ದಡದಲ್ಲಿ ಕೂತು ನಿಮ್ಮ ಕುಣಿತ ನೋಡ್ತೀನಿ" ಎಂದು ನೆರಳು ಹಿಡಿದು ಕೂತಳು. ಕೂತಲ್ಲಿಂದಲೇ ಅವಳು ಕೇಳಿದ ಪ್ರಶ್ನೆ ಮಾತ್ರ ಎಲ್ಲರಿಗಿಂತ ಚೆನ್ನಾಗಿತ್ತು. "ಇಷ್ಟು ಜನ ಇಳೀತಾರಲ್ಲ, ಈ ನೀರನ್ನ ದಿನಾ ಚೆಲ್ಲಿ ತುಂಬ್ತಾರೇನ್ರೀ?"

ಇಂಥ ಕೊಳಗಳಲ್ಲಿ ನೀರನ್ನು ದಿನವೂ ಚೆಲ್ಲುವುದಿಲ್ಲ. ಪಂಪು ನೀರನ್ನು ಎಳೆದು ಮರಳಿನ ಶೋಧಕದಲ್ಲಿ ಹಾಯಿಸುತ್ತದೆ, ಕ್ಲೋರಿನ್ ಬೆರೆಸುತ್ತದೆ, ಮತ್ತೆ ಕೊಳಕ್ಕೆ ಬಿಡುತ್ತದೆ. ಹತ್ತಿ ಬಟ್ಟೆ ಬೇಡವೆನ್ನುವ ಕಾರಣವೂ ಇದರಲ್ಲೇ ಇದೆ. ಹತ್ತಿಯಿಂದ ಎಳೆ ಬಿಟ್ಟು ಶೋಧಕದಲ್ಲಿ ಕಟ್ಟಿಕೊಳ್ಳುತ್ತದೆ. ಜೊತೆಗೆ ನೆನೆದ ಹತ್ತಿ ಭಾರವಾಗಿ ಮೈಯನ್ನು ಕೆಳಗೆಳೆಯುತ್ತದೆ. ಕೇಳಿಸಿಕೊಂಡ ಅಜ್ಜಿ, "ಆ ನಾತದ ಹೊಳೆಗೂ ಹಿಂಗೇ ಯಾರಾದ್ರೂ ದಿನಾ ನಿಗಾ ಇಟ್ಟಿದ್ರೆ ಮಕ್ಕಳು ಅಲ್ಲೇ ಆಡ್ತಿದ್ವು" ಎಂದಳು.

ಅಲೆಗಳ ಕೊಳದ ಗುಟ್ಟನ್ನೂ ಹೇಳುತ್ತೇನೆ. ಇಂಥ ಕೊಳಗಳ ಆಳದ ತುದಿಯ ಗೋಡೆಯ ಹಿಂದೆ ಸಾಮಾನ್ಯವಾಗಿ ಸಾಲಾಗಿ ಕೋಣೆಗಳಿರುತ್ತವೆ. ದೊಡ್ಡ ಫ್ಯಾನುಗಳು ಅದರೊಳಗೆ ಗಾಳಿ ಊದಿದಾಗ ಅಲ್ಲಿನ ನೀರು ಕೆಳಗಿನಿಂದ ಹೊರಕ್ಕೆ ನುಗ್ಗುತ್ತದೆ. ಗಾಳಿ ಬಿಟ್ಟಾಗ ವಾಪಸು ಬರುತ್ತದೆ. ಹೀಗೆ ಊದಿ ಬಿಟ್ಟು ಊದಿ ಬಿಟ್ಟು ಅಲೆ ಏಳುತ್ತದೆ. ದಡದ ಕಡೆ ನೆಲ ಏರಾಗಿರುವುದರಿಂದ ಅಲೆ ಬಂದು ಮಲಗುತ್ತದೆ.

ಮೊಮ್ಮಗಳು ಮೊದಲು ಪಾದ ಮುಳುಗುವಲ್ಲೇ ನಿಂತಳು. ನಾನು ಅವಳ ಮಣಿಕಟ್ಟು ಹಿಡಿದು ಪಕ್ಕದಲ್ಲಿ ನಿಂತೆ. ಮೊಣಕಾಲು, ಆಮೇಲೆ ತೊಡೆ, ಆಮೇಲೆ ಸೊಂಟ. ಸೈರನ್ ಕೂಗಿತು, ಜನ ಹೋ ಎಂದರು, ಅಲೆ ಬಂತು. ಅವಳು ಕಣ್ಣು ಮುಚ್ಚಿ ನನ್ನ ಕೈಯನ್ನು ಉಗುರಿಳಿಯುವಷ್ಟು ಗಟ್ಟಿಯಾಗಿ ಹಿಡಿದಳು. "ಅಲೆ ಬಂದಾಗ ಒಂದು ಚೂರು ನೆಗಿ, ಅದೇ ಎತ್ತಿ ಇಳಿಸುತ್ತೆ" ಎಂದೆ. ಏಳೆಂಟು ಅಲೆ ಕಳೆದ ಮೇಲೆ ಉಗುರು ಸಡಿಲವಾಯಿತು. ರೈನ್ ಡಿಸ್ಕೊ ಎಂಬ ಮಳೆ ಸುರಿಯುವ ಮಂಟಪಕ್ಕೆ ಅವಳೇ ಎಲ್ಲರಿಗಿಂತ ಮುಂದೆ ಓಡಿದಳು.

ಹತ್ತು ಎಣಿಸುವಷ್ಟು ಹೊತ್ತು

ಹೋಟೆಲಲ್ಲಿ ಉಳಿದುಕೊಂಡದ್ದರ ನಿಜವಾದ ಲಾಭ ನನಗೆ ಸಿಕ್ಕಿದ್ದು ಮರುದಿನ ಬೆಳಿಗ್ಗೆ. ಉದ್ಯಾನ ಇನ್ನೂ ತೆರೆದಿರಲಿಲ್ಲ. ಹೋಟೆಲಿನ ಈಜುಕೊಳದಲ್ಲಿ ಕಾವಲಿನವರೊಬ್ಬರು, ನಾನು, ನಾಲ್ವರು ಮೊಮ್ಮಕ್ಕಳು, ದಡದಲ್ಲಿ ಅಜ್ಜಿ, ಅಷ್ಟೇ. ಗಲಾಟೆಯಿಲ್ಲದ ನೀರು.

ಕೈ ಬಡಿಯುವುದನ್ನು ನಾನು ಕಲಿಸಲಿಲ್ಲ. ತೇಲುವುದನ್ನು ಕಲಿಸಿದೆ. ಎದೆ ತುಂಬ ಉಸಿರು ಹಿಡಿದರೆ ನಮ್ಮ ದೇಹ ನೀರಿಗಿಂತ ತುಸು ಹಗುರ. ಆರ್ಕಿಮಿಡೀಸ್ ತತ್ತ್ವ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೀರಲ್ಲ, ಅದೇ. ನಮ್ಮ ಎದೆಯೇ ಸೋರೆ ಬುರುಡೆ. ತಲೆ ಹಿಂದಕ್ಕೆ ಹಾಕಿ, ಕಿವಿ ನೀರಲ್ಲಿ ಮುಳುಗಿಸಿ, ಹೊಟ್ಟೆ ಮೇಲೆತ್ತಿ, ಆಕಾಶ ನೋಡುತ್ತ ಮಲಗಬೇಕು. ಗಾಬರಿಯಿಂದ ತಲೆ ಎತ್ತಿದರೆ ಕಾಲು ಇಳಿದು ಮೈ ಮುಳುಗುತ್ತದೆ.

ನನ್ನ ಅಂಗೈ ಮೊಮ್ಮಗಳ ಬೆನ್ನ ಕೆಳಗಿತ್ತು. ನಾಲ್ಕು ಸಲ ತಲೆ ಎತ್ತಿ ನೀರು ಕುಡಿದಳು. ಐದನೆಯ ಸಲ ಸುಮ್ಮನೆ ಮಲಗಿದಳು. ನಾನು ಹೇಳದೆ ಕೈ ತೆಗೆದೆ. ದಡದಲ್ಲಿದ್ದ ಅಜ್ಜಿ ಒಂದು, ಎರಡು ಎಂದು ಎಣಿಸತೊಡಗಿದಳು. ಹತ್ತು ಎಣಿಸುವಷ್ಟು ಹೊತ್ತು ಮಗು ನೀರಿನ ಮೇಲಿತ್ತು. ಎದ್ದು ನಿಂತವಳು, "ತಾತ, ನೀವು ಕೈ ಹಿಡ್ಕೊಂಡೇ ಇದ್ರಿ ತಾನೆ?" ಎಂದಳು. ಇಲ್ಲವೆಂದು ಎರಡೂ ಕೈ ತೋರಿಸಿದೆ. "ಹಾಗಾದ್ರೆ ಇನ್ನೊಂದ್ಸಲ" ಎಂದಳು. ಆಮೇಲೆ ಅವಳ ಅಪ್ಪ, ನನ್ನ ದೊಡ್ಡ ಮಗ, ಹಲ್ಲುಜ್ಜುತ್ತ ಬಂದವನು ನೋಡುತ್ತ ನಿಂತ. "ನನಗೂ ಹೇಳಿಕೊಡಿ ಅಪ್ಪ" ಎಂದು ನಲವತ್ತೈದರ ಅವನೂ ಇಳಿದ.

ಹೋಗುವ ಅಜ್ಜ ಅಜ್ಜಿಯರಿಗೆ

ನೈಲಾನ್ ಬಟ್ಟೆ ಮನೆಯಿಂದಲೇ ಒಯ್ಯಿರಿ. ಹೃದಯದ ತೊಂದರೆ, ರಕ್ತದೊತ್ತಡ, ಬೆನ್ನುನೋವು ಇರುವವರು ದೊಡ್ಡ ಆಟಗಳನ್ನು ಕೆಳಗಿನಿಂದಲೇ ನೋಡಿ. ಬಿಸಿಲು ಏರಿದಾಗ ಕೋಣೆಗೆ ಬಂದು ಒಂದು ಗಂಟೆ ಮಲಗಿ, ಹೋಟೆಲು ಪಕ್ಕದಲ್ಲೇ ಇರುವುದರ ಸುಖ ಅದು. ಮಾತ್ರೆಗಳನ್ನೂ ಒಂದು ಜೊತೆ ಹೆಚ್ಚಿನ ಕನ್ನಡಕವನ್ನೂ ಮರೆಯಬೇಡಿ. ಜಾರುವ ನೆಲದಲ್ಲಿ ಮಕ್ಕಳ ಹಿಂದೆ ಓಡಬೇಡಿ.

ಮಕ್ಕಳಿಗೆ ಒಂದೇ ಮಾತು. ಹತ್ತು ಎಣಿಸುವಷ್ಟು ಹೊತ್ತು ತೇಲಿದರೆ ಈಜು ಬಂತು ಎಂದಲ್ಲ. ದೊಡ್ಡವರಿಲ್ಲದೆ ಕೃಷಿ ಹೊಂಡ, ಕ್ವಾರಿ, ಕೆರೆಗೆ ಇಳಿಯಲೇಬೇಡಿ. ಹೊಂಡದ ಅಂಚಿಗೆ ಹಾಸಿರುವ ಪ್ಲಾಸ್ಟಿಕ್ ಹಾಳೆ ಜಾರುತ್ತದೆ, ಹತ್ತಲು ಹಿಡಿತ ಸಿಗದು. ಯಾರಾದರೂ ಬಿದ್ದರೆ ನೀವು ಹಾರಬೇಡಿ. ಕೂಗಿ ಜನ ಸೇರಿಸಿ, ಹಗ್ಗವನ್ನೋ ಸೀರೆಯನ್ನೋ ಖಾಲಿ ಬಿಂದಿಗೆಯನ್ನೋ ಎಸೆಯಿರಿ. ಮುಚ್ಚಳ ಬಿಗಿದ ಖಾಲಿ ಕ್ಯಾನು ಕೂಡ ಒಬ್ಬರನ್ನು ತೇಲಿಸಬಲ್ಲದು. ನಮ್ಮ ಕಾಲದ ಸೋರೆ ಬುರುಡೆ ಮಾಡುತ್ತಿದ್ದದ್ದೂ ಅದೇ ಕೆಲಸವನ್ನು.