ಆಲ್ಬೆಕ್ ಹತ್ತಿರ ಸಿಕ್ಕ ಹುಳಿ

ಹೋಟೆಲಿಗೆ ಹೋಗಿ ಕೂತರೆ ಮೊದಲು ನೀರು ಬರಬೇಕು. ಲೋಟದೊಳಗೆ ಸಪ್ಲೈಯರನ ಎರಡು ಬೆರಳು ಅದ್ದಿದ್ದರೂ ಚಿಂತೆಯಿಲ್ಲ, ಬರಬೇಕು. ಅರವತ್ತೇಳು ವರ್ಷ ನಾನು ನಂಬಿಕೊಂಡು ಬಂದ ನ್ಯಾಯ ಇದು. ಜರ್ಮನಿಯ ಆ ಹಳ್ಳಿಯ ಊಟದ ಮನೆಯಲ್ಲಿ ಯಜಮಾನಿ ಬಂದು ನಿಂತಳು. ಯಾವ ನೀರು, ಗ್ಯಾಸ್ ಇರೋದೋ ಇಲ್ಲದ್ದೋ, ಕಾಲು ಲೀಟರೋ ಮುಕ್ಕಾಲೋ ಎಂದು ವಿಚಾರಣೆ ಶುರು ಮಾಡಿದಳು. ಮುಕ್ಕಾಲು ಲೀಟರಿಗೆ ಆರು ಯೂರೋ. ಮನಸ್ಸಿನಲ್ಲೇ ರೂಪಾಯಿಗೆ ತಿರುಗಿಸಿದೆ, ಐನೂರು ದಾಟಿತು. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಬೆಂಗಳೂರೆಲ್ಲ ಟ್ಯಾಂಕರ್ ಹಿಂದೆ ಓಡಿದ್ದಾಗಲೂ ನಾನು ಇಷ್ಟು ದುಬಾರಿ ನೀರು ಕುಡಿದವನಲ್ಲ.

“ಮಾವ, ಇಲ್ಲಿ ನೀರಿಗಿಂತ ಬಿಯರೇ ಅಗ್ಗ,” ಅಂದ ಅಳಿಯ.

“ಹಂಗಾದ್ರೆ ಅದನ್ನೇ ಹೇಳಪ್ಪ.”

“ಇವತ್ತು ಶನಿವಾರ,” ಅಂದಳು ನಮ್ಮನೆಯವಳು, ಮೆನು ಕಾರ್ಡಿನಿಂದ ತಲೆ ಎತ್ತದೆ. ಅದರಲ್ಲಿ ಅವಳಿಗೆ ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ. ಆದರೂ ಓದುತ್ತಿದ್ದಳು. ಆರು ಯೂರೋದ ನೀರು ಬಂತು.

ನಾವು ಆ ಕಡೆ ಹೋದದ್ದು ಊಟಕ್ಕಲ್ಲ. ನನ್ನದೊಂದು ಹಳೆಯ ಹರಕೆಯಂಥದ್ದಿತ್ತು. ನಮ್ಮ ಮನೆ ಇರುವುದು ಬಿಟಿಎಂ ಎರಡನೇ ಹಂತದ ಮೈಕೋ ಲೇಔಟ್‌ನಲ್ಲಿ. ಬೈರಸಂದ್ರ, ತಾವರೆಕೆರೆ, ಮಡಿವಾಳ ಮೂರೂ ಸೇರಿ ಬಿಟಿಎಂ ಆಯಿತೆಂಬುದೇ ಈಗ ಬಹಳ ಜನಕ್ಕೆ ಗೊತ್ತಿಲ್ಲ. ಮೈಕೋ ಅಂದರೆ ಏನೆಂದು ಕೇಳಿದರೆ ಪೊಲೀಸ್ ಠಾಣೆ ತೋರಿಸುತ್ತಾರೆ. ಮೈಕೋ ಅಂದರೆ ಮೋಟಾರ್ ಇಂಡಸ್ಟ್ರೀಸ್ ಕಂಪನಿ, 1951ರಲ್ಲಿ ಹುಟ್ಟಿ ಆಡುಗೋಡಿಯಲ್ಲಿ ಬೆಳೆದದ್ದು. ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು, ನಾಜಲ್ಲು ಮಾಡುತ್ತಿದ್ದ ಕಾರ್ಖಾನೆ. ಬೇರು ಸ್ಟುಟ್‌ಗಾರ್ಟ್‌ನ ಬಾಷ್ ಕಂಪನಿಯದು. 2008ರಲ್ಲಿ ಹೆಸರೂ ಬಾಷ್ ಎಂದೇ ಆಯಿತು. ನಾನು ಅಲ್ಲಿ ಮೂವತ್ತೊಂದು ವರ್ಷ ಪಂಪಿನ ವಿಭಾಗದಲ್ಲಿದ್ದೆ. ಕೂದಲೆಳೆಯನ್ನು ಎಷ್ಟೋ ಸೀಳು ಮಾಡಿದರೆ ಒಂದು ಸೀಳು ಎಷ್ಟಿರುತ್ತದೋ ಅಷ್ಟು ಸಂದಿಯನ್ನು ಅಳೆಯುವ ಕೆಲಸ. ಆಮೇಲೆ ಯಂತ್ರಗಳೆಲ್ಲ ಬಿಡದಿಗೆ ಹೋದವು. ಆಡುಗೋಡಿಯಲ್ಲಿ ಈಗ ಗಾಜಿನ ಕಟ್ಟಡಗಳು, ಕುತ್ತಿಗೆಗೆ ದಾರ ಕಟ್ಟಿಕೊಂಡ ಹುಡುಗರು. ಸಿಟ್ಟೇನಿಲ್ಲ. ಆದರೆ ಅತ್ತ ಹೋದಾಗ ಮೂಗು ಇನ್ನೂ ಕೂಲೆಂಟ್ ಎಣ್ಣೆಯ ವಾಸನೆಯನ್ನೇ ಹುಡುಕುತ್ತದೆ.

ಟ್ರೇನಿಂಗ್ ಶಾಲೆಯಲ್ಲಿ ನಮಗೆ ರಾಬರ್ಟ್ ಬಾಷ್ ಕಥೆ ಹೇಳುತ್ತಿದ್ದರು. ನೆಲದ ಮೇಲೆ ಬಿದ್ದ ಕಾಗದದ ಕ್ಲಿಪ್ಪನ್ನು ಎತ್ತಿ, ಇದೇನು ಎಂದು ಕೆಲಸದವನನ್ನು ಕೇಳಿದರಂತೆ. ಕ್ಲಿಪ್ಪು ಅಂದನಂತೆ ಅವನು. ಅಲ್ಲ, ಇದು ನನ್ನ ದುಡ್ಡು ಅಂದರಂತೆ ಬಾಷ್. ನಿಜವೋ ಕಟ್ಟಿದ್ದೋ, ಆ ಕಥೆ ಕೇಳಿದವರಾರೂ ಮತ್ತೆ ಒಂದು ವಾಷರ್ ಬೀಳಿಸಿದರೂ ಬಗ್ಗದೆ ಇರುತ್ತಿರಲಿಲ್ಲ. ಅದೇ ಮನುಷ್ಯ 1906ರಲ್ಲೇ ಎಂಟು ಗಂಟೆಯ ಕೆಲಸದ ದಿನ ತಂದವರು ಅನ್ನುವುದನ್ನು ಯೂನಿಯನ್ನಿನವರು ನೆನಪಿಸುತ್ತಿದ್ದರು. ನನ್ನನ್ನು ಹಿಡಿದದ್ದು ಬೇರೆ ಸಂಗತಿ. ಇಂಥವರು ಹುಟ್ಟಿದ್ದು ಒಂದು ಊಟದ ಮನೆಯಲ್ಲಿ. ಉಲ್ಮ್ ಹತ್ತಿರದ ಆಲ್ಬೆಕ್ ಎಂಬ ಹಳ್ಳಿ, 1861. ಅಪ್ಪನಿಗೆ ಜಮೀನೂ ಇತ್ತು, ‘ಕ್ರೋನೆ’ ಅಂದರೆ ‘ಕಿರೀಟ’ ಎಂಬ ಹೆಸರಿನ ಹೋಟೆಲೂ ಇತ್ತು. ಹನ್ನೆರಡು ಮಕ್ಕಳಲ್ಲಿ ಇವರು ಹನ್ನೊಂದನೆಯವರು. ಗಾಡಿ ಹೊಡೆಯುವವರು ಬಂದು ಕುದುರೆ ಬಿಚ್ಚಿ, ಉಂಡು, ಮಲಗಿ ಹೋಗುವ ಮನೆ. ಬಾಷ್ ಎಂಟು ವರ್ಷದ ಹುಡುಗನಿದ್ದಾಗ ಅಪ್ಪ ಎಲ್ಲ ಮಾರಿ ಉಲ್ಮ್ ಸೇರಿದ. ರೈಲು ಬಂದ ಕಾಲ ಅದು, ಗಾಡಿ ದಾರಿಗಳಿಗೆಲ್ಲ ಗ್ರಹಚಾರ ಹಿಡಿದಿತ್ತು.

ನನ್ನ ತಾತ ಕನಕಪುರದ ಕಡೆಯಿಂದ ಸೌದೆ, ರಾಗಿ ಹೇರಿಕೊಂಡು ಬೆಂಗಳೂರಿಗೆ ಗಾಡಿ ಹೊಡೆದವರು. ಕಗ್ಗಲೀಪುರದ ಹತ್ತಿರ ಎತ್ತು ಬಿಚ್ಚುತ್ತಿದ್ದರಂತೆ. ಅಲ್ಲೊಬ್ಬ ಹೆಂಗಸು ಮುದ್ದೆ, ಹುರುಳಿಕಾಳಿನ ಸಾರು ಹಾಕುತ್ತಿದ್ದಳಂತೆ. ಆಕೆಯ ಮಗ ಏನಾದನೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಮಗಳು, ಅಳಿಯ ಸ್ಟುಟ್‌ಗಾರ್ಟ್‌ನಲ್ಲಿದ್ದಾರೆ. ಆರು ವಾರ ಇದ್ದೆವು. ಮೊದಲ ಮೂರು ವಾರ ಅವರು ತೋರಿಸಿದ್ದೆಲ್ಲ ನೋಡಿದೆವು: ಕೋಟೆ, ಕೆರೆ, ಕಾರಿನ ಮ್ಯೂಸಿಯಮ್ಮು, ಉಲ್ಮ್‌ನ 161 ಮೀಟರ್ ಎತ್ತರದ ಚರ್ಚಿನ ಗೋಪುರ. ಗೋಪುರವನ್ನು ಕೆಳಗಿನಿಂದಲೇ ನೋಡಿದೆ. ಜಯನಗರ ನಾಲ್ಕನೇ ಬ್ಲಾಕಿನ ಶಾಪಿಂಗ್ ಕಾಂಪ್ಲೆಕ್ಸಿನ ಮೆಟ್ಟಿಲೇ ಈಗ ನನ್ನ ಮಂಡಿಗೆ ಸಾಕು. ಆಮೇಲೆ ನಾನೇ ಹಟ ಹಿಡಿದು ಆಲ್ಬೆಕ್‌ಗೆ ಕರೆದುಕೊಂಡು ಹೋಗಿ ಅಂದೆ. ಊರು ನೋಡಲು ಇಪ್ಪತ್ತು ನಿಮಿಷ ಹಿಡಿಯಿತು. ಕೆಂಪು ಹೆಂಚಿನ ಮನೆಗಳು, ಗುಡಿಸಿ ಇಟ್ಟಂಥ ರಸ್ತೆ, ಒಂದು ನಾಯಿ. ಜನರೇ ಇಲ್ಲ. ನನಗೆ ಏನೋ ಆಗಬೇಕಿತ್ತು, ಆಗಲಿಲ್ಲ. ಹೊಟ್ಟೆ ಹಸಿದಿತ್ತು.

ಅಲ್ಲಿಂದ ಸ್ವಲ್ಪ ದೂರದ ಇನ್ನೊಂದು ಹಳ್ಳಿಯಲ್ಲಿ ಈ ಊಟದ ಮನೆ. ತಲುಪಿದಾಗ ಒಂದೂಮುಕ್ಕಾಲು. ಎರಡಕ್ಕೆ ಒಲೆ ಆರುತ್ತದೆ, ಆಮೇಲೆ ದೇವರೇ ಬಂದರೂ ಬಿಸಿ ಊಟ ಇಲ್ಲ ಎಂದು ಅಳಿಯ ಓಡಿಸಿಕೊಂಡು ಬಂದಿದ್ದ. ಒಳಗೆ ಕಪ್ಪು ತೊಲೆಗಳು, ಹಸಿರು ಹೆಂಚು ಹಾಸಿದ ದೊಡ್ಡ ಒಲೆ, ಸುತ್ತ ಮರದ ಬೆಂಚು. ಖಾಲಿ ಮನೆ. ನಾನು ಒಲೆ ಪಕ್ಕದ ದುಂಡು ಮೇಜಿಗೆ ಹೋಗಿ ಕೂತೆ. ಯಜಮಾನಿ ಅಲ್ಲಿಂದಲೇ ಬೆರಳು ಆಡಿಸಿದಳು. ಮೇಜಿನ ನಡುವೆ ಹಿತ್ತಾಳೆಯ ಒಂದು ಫಲಕ: ‘ಷ್ಟಾಮ್‌ಟಿಷ್’. ಕಾಯಂ ಗಿರಾಕಿಗಳ ಮೇಜಂತೆ. ಅವರು ಬರಲಿ ಬಿಡಲಿ, ಬೇರೆಯವರು ಕೂರುವಂತಿಲ್ಲ.

ನನಗೆ ಸಿಟ್ಟು ಬಂತು. ಬೆಂಗಳೂರಿನಲ್ಲಿ ಕಾಯಂ ಗಿರಾಕಿಗೆ ಸಿಗುವ ಮರ್ಯಾದೆ ಇಷ್ಟೇ: ಗಾಂಧಿ ಬಜಾರಿನಲ್ಲಿ ದೋಸೆಗೆ ನಿಂತರೆ ಅವನೂ ಅರ್ಧ ಗಂಟೆ, ನಾನೂ ಅರ್ಧ ಗಂಟೆ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದ ಮೇಲಂತೂ ಕೂರುವ ಹಂಗೇ ಹೋಯಿತು. ನಿಂತು ತಿಂದು, ಕೈ ತೊಳೆದು, ಹತ್ತು ನಿಮಿಷಕ್ಕೆ ರಸ್ತೆಗೆ. ಎಲ್ಲರೂ ಅಪರಿಚಿತರು, ಎಲ್ಲರೂ ಸಮ. ಇದನ್ನು ಅಳಿಯನಿಗೆ ಸಾಕಷ್ಟು ಜೋರಾಗಿಯೇ ಹೇಳಿ ಕಿಟಕಿ ಪಕ್ಕದ ಮೇಜಿಗೆ ಎದ್ದು ಹೋದೆ.

ಊಟ ಹೇಳುವುದೂ ಒಂದು ರಾಮಾಯಣ. ನನಗೆ ಗೊತ್ತಿದ್ದ ಜರ್ಮನ್ ಶಬ್ದಗಳೆಲ್ಲ ಡ್ರಾಯಿಂಗ್ ಹಾಳೆಯವು. ನಾಜಲ್ಲಿಗೆ ಏನನ್ನುತ್ತಾರೆ ಗೊತ್ತು, ಬೇಳೆಗೆ ಗೊತ್ತಿಲ್ಲ. ಮಗಳು ವಿವರಿಸಿದಳು: ಈ ಸೀಮೆಯ, ಅಂದರೆ ಶ್ವಾಬಿಯಾದ ಮನೆ ಊಟ ಅಂದರೆ ‘ಲಿನ್ಸೆನ್ ಮಿಟ್ ಷ್ಪೆಟ್ಸ್‌ಲೆ’. ಬೇಯಿಸಿದ ಕಾಳು, ಜೊತೆಗೆ ಮೊಟ್ಟೆ ಹಾಕಿ ಕಲಸಿದ ಹಿಟ್ಟಿನ ಎಳೆಗಳು. ಮೇಲೆ ಸಾಸೇಜು ಇಡುತ್ತಾರೆ, ಅದು ಬೇಡ ಅನ್ನಬಹುದು.

“ಕಾಳಲ್ಲಿ ಮಾಂಸ ಇರಲ್ಲ ತಾನೇ?” ಅಂದಳು ನಮ್ಮನೆಯವಳು. ಶನಿವಾರ ಅವಳು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಮೊಟ್ಟೆಯ ವಿಷಯವನ್ನು ಮಗಳು ಆಗಲೇ ನುಂಗಿಕೊಂಡಿದ್ದಳೆಂದು ನನಗೆ ಗೊತ್ತಾಯಿತು, ನಾನೂ ನುಂಗಿದೆ.

ಯಜಮಾನಿಯನ್ನು ಕೇಳಿದರೆ, “ಮಾಂಸ ಇಲ್ಲ. ರುಚಿಗೆ ಒಂಚೂರು ಹಂದಿಯ ಕೊಬ್ಬು, ಅಷ್ಟೆ,” ಅಂದಳಂತೆ. ಕಡೆಗೆ ನಮ್ಮನೆಯವಳಿಗೆ ಆಲೂಗೆಡ್ಡೆ ಪಲ್ಯದಂಥ ಒಂದು ಸಲಾಡು, ಬ್ರೆಡ್ಡು. ನನಗೆ ಕಾಳು. ನನ್ನ ಶನಿವಾರ ಸಮುದ್ರ ದಾಟಿದಾಗಲೇ ಮುಗಿದಿತ್ತು.

ತಟ್ಟೆ ಬಂತು. ಕಂದು ಕಾಳು, ನಮ್ಮ ಚನ್ನಂಗಿಯದೇ ಜಾತಿ, ಸಿಪ್ಪೆ ಸಮೇತ, ಇನ್ನೂ ಸಣ್ಣದು. ಪಕ್ಕದಲ್ಲಿ ಹಳದಿ ಎಳೆಗಳು. ನಮ್ಮನೆಯವಳು ಫೋರ್ಕಿನಿಂದ ಒಂದೆಳೆ ಎತ್ತಿ ಬೆಳಕಿಗೆ ಹಿಡಿದಳು. “ಇದು ಒತ್ತು ಶಾವಿಗೆ ಮಾಡಕ್ಕೆ ಹೋಗಿ ಕೆಟ್ಟಿರೋದು,” ಅಂದಳು. ಒಳಗೆ ಯಜಮಾನಿ ಹಲಗೆಯ ಮೇಲೆ ಹಿಟ್ಟು ಹರಡಿ ಕುದಿಯುವ ನೀರಿಗೆ ಚಾಕುವಿನಿಂದ ಕೆರೆದು ಕೆರೆದು ಬಿಡುತ್ತಿದ್ದುದು ಬಾಗಿಲ ಸಂದಿಯಿಂದ ಕಾಣುತ್ತಿತ್ತು. ಆ ಕೈಚಳಕ ಕಂಡ ಮೇಲೆ ಇವಳೇ ತೀರ್ಪು ಬದಲಿಸಿ, “ಇಲ್ಲ, ಕೆಟ್ಟಿರೋದಲ್ಲ, ಒರಳಿಲ್ದೆ ಮಾಡ್ತಾಳೆ ಪಾಪ,” ಅಂದಳು.

ನಾನು ಕಾಳು ಬಾಯಿಗಿಟ್ಟೆ. ಹುಳಿ! ಹುಣಸೆಹಣ್ಣಲ್ಲ, ವಿನೆಗರ್. ಆದರೆ ಬೇಳೆಗೆ ಹುಳಿ ಬಿದ್ದಿದೆ. ಈ ದೇಶದಲ್ಲಿ ಮೂರು ವಾರ ಸಪ್ಪೆ ತಿಂದು, ಬೆಣ್ಣೆ ತಿಂದು, ಕೆನೆ ತಿಂದು ಸತ್ತಿದ್ದ ನಾಲಿಗೆ ಎದ್ದು ಕೂತಿತು. ನಮ್ಮ ಎಷ್ಟೋ ಮನೆಗಳಲ್ಲಿ ಸಾಂಬಾರಿಗೆ ಹುಳಿ ಎಂದೇ ಹೆಸರು. ಬೇಳೆಗೆ ಹುಳಿ ಹಿಂಡಬೇಕೆಂದು ಇವರಿಗೆ ಯಾರೂ ಹೇಳಿಕೊಟ್ಟಿರಲಾರರು, ಬೇಳೆಯೇ ಕೇಳಿ ಹಾಕಿಸಿಕೊಂಡಿರಬೇಕು. ಮೇಜಿನ ಮೇಲೆ ವಿನೆಗರ್ ಸೀಸೆ ಬೇರೆ ಇತ್ತು, ಸಾಲದವರು ಹಾಕಿಕೊಳ್ಳಲಿ ಎಂದು. ಹಾಕಿಕೊಂಡೆ. ಮೆಣಸಿನಕಾಯಿ ಇಲ್ಲ ಅನ್ನುವುದೊಂದು ಬಿಟ್ಟರೆ ನನ್ನ ತಕರಾರು ಇರಲಿಲ್ಲ.

ಅಷ್ಟರಲ್ಲಿ ಷ್ಟಾಮ್‌ಟಿಷ್‌ನ ಒಡೆಯ ಬಂದ. ಎಪ್ಪತ್ತರ ಮೇಲಿನ ಮುದುಕ, ದಪ್ಪ ಬೆರಳು, ಉಗುರಲ್ಲಿ ಮಣ್ಣು. ಬಂದವನೇ ಮೇಜನ್ನು ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿದ. ಅದೇ ನಮಸ್ಕಾರವಂತೆ. ನಾನು ವಿನೆಗರ್ ಸುರಿಯುವುದನ್ನು ನೋಡಿ ಏನೋ ಅಂದ. ಜರ್ಮನ್ ಪರೀಕ್ಷೆ ಪಾಸು ಮಾಡಿದ ಅಳಿಯನಿಗೆ ಅರ್ಥವಾಗಲಿಲ್ಲ. ‘ಲೈಸಾ, ಲೈಸಾ’ ಅನ್ನುತ್ತಿದ್ದ. ಯಜಮಾನಿ ಬಂದು ಪುಸ್ತಕದ ಜರ್ಮನ್‌ಗೆ ತಿರುಗಿಸಿದಳು: ಈ ಕಡೆಯ ಮಾತಿನಲ್ಲಿ ಲೈಸಾ ಅಂದರೆ ಇದೇ ಕಾಳು. ಅದನ್ನು ಬೆಳೆಯುವವನು ಇವನೇ.

ನಾನು ಬಾಷ್ ವಿಷಯ ತೆಗೆದೆ. ಮೂವತ್ತೊಂದು ವರ್ಷ ದುಡಿದೆ, ಅವರ ಊರು ನೋಡಲು ಬಂದೆ ಎಂದು ಹೇಳಿಸಿದೆ. ಮುದುಕ ಭುಜ ಕುಣಿಸಿದ. “ಅವರು ಜಮೀನು ಮಾರಿ ಪೇಟೆಗೆ ಹೋದವರು,” ಅಂದ. ಅಷ್ಟೆ. ನಮ್ಮ ಹಳ್ಳಿಯಲ್ಲಿ ನನ್ನ ಬಗ್ಗೆ ಹೇಳುವುದೂ ಇದೇ ಮಾತು.

ಆದರೆ ಕಾಳಿನ ವಿಷಯ ತೆಗೆದರೆ ಬಾಯಿ ಮುಚ್ಚಲಿಲ್ಲ. ಮುದುಕನಿಂದ ಯಜಮಾನಿಗೆ, ಅವಳಿಂದ ಅಳಿಯನಿಗೆ, ಅಳಿಯನಿಂದ ನನಗೆ ಬರುವಷ್ಟರಲ್ಲಿ ಕಥೆ ಎಷ್ಟು ಸೋರಿತೋ, ಉಳಿದದ್ದು ಇಷ್ಟು. ಶ್ವಾಬಿಯಾದ ಈ ಕಲ್ಲುಗುಡ್ಡದ ಸೀಮೆಗೆ ‘ಆಲ್ಬ್’ ಎಂದು ಹೆಸರು. ಮಣ್ಣು ತೆಳು, ನೀರು ನಿಲ್ಲದು. ಬಡವರ ಬೆಳೆ ಈ ಕಾಳು. ಯುದ್ಧದ ನಂತರ ಹೊರಗಿನ ಅಗ್ಗದ ಕಾಳು ಬಂದು ಬೆಳೆಯುವವರೇ ಇಲ್ಲವಾದರು, ಬಿತ್ತನೆ ಬೀಜವೂ ಕಳೆದುಹೋಯಿತು. 1985ರ ಸುಮಾರಿಗೆ ಲೌಟರಾಖ್ ಎಂಬ ಹಳ್ಳಿಯ ಒಂದು ರೈತ ಕುಟುಂಬ ಹೊರಗಿನ ತಳಿ ತಂದು ಮತ್ತೆ ಶುರು ಮಾಡಿತು. ಇಲ್ಲಿನದೇ ಹಳೆಯ ತಳಿ ಮಾತ್ರ ಎಲ್ಲೂ ಇಲ್ಲ. ಕಡೆಗೆ 2006ರಲ್ಲಿ ಅದು ಸಿಕ್ಕಿದ್ದು ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, ವಾವಿಲೋವ್ ಬೀಜ ಭಂಡಾರದಲ್ಲಿ. ಆ ಭಂಡಾರದ ವಿಷಯ ನಾನು ಓದಿದ್ದೆ. ಎರಡನೇ ಮಹಾಯುದ್ಧದಲ್ಲಿ ಹಿಟ್ಲರನ ಸೈನ್ಯ ಆ ಊರನ್ನು ಮುತ್ತಿ ಹಸಿವಿನಿಂದ ಕೊಲ್ಲುತ್ತಿದ್ದಾಗ, ಸುತ್ತ ಮೂಟೆಗಟ್ಟಲೆ ಕಾಳು ಇಟ್ಟುಕೊಂಡೂ ಮುಟ್ಟದೆ ಪ್ರಾಣ ಬಿಟ್ಟ ನೌಕರರಿದ್ದ ಜಾಗ ಅದು. ಜರ್ಮನರ ಬೀಜ ಅಲ್ಲಿ ಉಳಿದಿತ್ತು. ಇದನ್ನು ಅಳಿಯನಿಗೆ ಹೇಳಿದೆ, ಮುದುಕನಿಗೆ ಹೇಳಿಸಲಿಲ್ಲ. ಅವನಿಗೆ ಗೊತ್ತಿಲ್ಲದೆ ಇರದು. ಒಂದು ಗಳಿಗೆ ಕಾಳನ್ನು ಅಗಿಯುವುದು ನಿಧಾನವಾಯಿತು.

ಊಟವಾದ ಮೇಲೆ ಮುದುಕ ಕೈಬೀಸಿ ಕರೆದ. ರಸ್ತೆ ದಾಟಿದರೆ ಹೊಲ. ಜೂನ್ ತಿಂಗಳು, ಎದೆಮಟ್ಟದ ಬಾರ್ಲಿ ಎಂದುಕೊಂಡೆ. ಅವನು ತೆನೆ ಸರಿಸಿ ತೋರಿಸಿದ. ಬಾರ್ಲಿಯ ನಡುವೆ, ಅದರ ಕಾಲು ಹಿಡಿದುಕೊಂಡು, ಎಳೆ ಬಳ್ಳಿಯಂಥ ಗಿಡ, ಅಕ್ಕಿಕಾಳಿನಷ್ಟು ಹೂ. ಕಾಳಿನ ಗಿಡಕ್ಕೆ ನಿಲ್ಲುವ ತ್ರಾಣವಿಲ್ಲ, ಒಂಟಿ ಬಿತ್ತಿದರೆ ಮಲಗುತ್ತದೆ. ಬಾರ್ಲಿ ಜೊತೆ ಬಿತ್ತಬೇಕು, ಒಟ್ಟಿಗೇ ಕೊಯ್ದು ಆಮೇಲೆ ಬೇರೆ ಮಾಡಬೇಕು. ಅಳಿಯ ಇದನ್ನು ಇಂಗ್ಲಿಷಿನಲ್ಲಿ ಹುಡುಕುತ್ತಾ ನಿಂತಿದ್ದ.

“ಬಿಡಪ್ಪಾ, ಗೊತ್ತಾಯ್ತು. ಅಕ್ಕಡಿ,” ಅಂದೆ.

“ಹಂಗಂದ್ರೆ?” ಅಂದಳು ಮಗಳು.

ರಾಗಿ ಹೊಲದಲ್ಲಿ ಅಷ್ಟಷ್ಟು ದೂರಕ್ಕೆ ಒಂದು ಸಾಲು ಬಿಟ್ಟು ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಹಾಕುವುದು. ನನ್ನಮ್ಮ ಕೂರಿಗೆಯ ಹಿಂದೆ ಸಡ್ಡೆ ಹಿಡಿದು, ಸೆರಗಿನಲ್ಲಿ ಕಾಳು ಕಟ್ಟಿಕೊಂಡು ನಡೆಯುತ್ತಿದ್ದಳು. ನಾನು ಅಲ್ಲೇ ಆ ಮುದುಕನ ಹೊಲದ ಬದುವಿನಲ್ಲಿ ನಡೆದು ತೋರಿಸಿದೆ. ಎಡಗೈಯಲ್ಲಿ ಇಲ್ಲದ ಸಡ್ಡೆ, ಬಲಗೈಯಲ್ಲಿ ಇಲ್ಲದ ಕಾಳು. ಮುದುಕ ತಲೆದೂಗಿದ. ಅವನ ಪ್ರಶ್ನೆಯನ್ನು ಅಳಿಯ ಮೂರು ಸಲ ಕೇಳಿ ತಿರುಗಿಸಿದ: ನಿಮ್ಮಲ್ಲಿ ಎರಡನ್ನೂ ಒಟ್ಟಿಗೆ ಕೊಯ್ಯುತ್ತೀರಾ? ಇಲ್ಲ, ರಾಗಿ ಮೊದಲು, ಅವರೆ ಆಮೇಲೆ, ತೊಗರಿ ಇನ್ನೂ ತಡ ಅಂದೆ. ಹಾಗಾದರೆ ಮೂರು ಸಲ ಬಗ್ಗಬೇಕು ಅಂದ. ಹೌದು ಅಂದೆ.

ಒಳಗೆ ಬಂದಾಗ ಬಿಲ್ಲು ಹಿಡಿದು ನಿಂತಿದ್ದ ಯಜಮಾನಿ, “ಒಟ್ಟಿಗೋ, ಬೇರೆ ಬೇರೆಯೋ?” ಅಂದಳು. ಅಪ್ಪ, ಅಮ್ಮ, ಮಗಳು, ಅಳಿಯ ಒಂದೇ ಮೇಜಿನಲ್ಲಿ ಉಂಡಿದ್ದೇವೆ, ಹಾಗೆ ಕೇಳಬಹುದೇ? ಮತ್ತೆ ಸಿಟ್ಟು ಬರಬೇಕಿತ್ತು, ಅದೇಕೋ ನಗು ಬಂತು. ದುಡ್ಡು ನಾನೇ ಕೊಟ್ಟೆ. ಅರ್ಧ ಕೇಜಿ ಕಾಳಿನ ಪೊಟ್ಟಣವನ್ನೂ ಕೊಂಡೆ.

ಸಂಜೆ ಊರಿಗೆ ಅಣ್ಣನಿಗೆ ಫೋನು ಮಾಡಿದೆ. ಅಲ್ಲಿ ಒಂಬತ್ತೂವರೆ ಆಗಿತ್ತು, ಮಲಗಿದ್ದವನನ್ನು ಎಬ್ಬಿಸಿದೆ.

“ಅಣ್ಣ, ಇಲ್ಲೂ ಅಕ್ಕಡಿ ಹಾಕ್ತಾರೆ ಕಣೋ!”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.

“ಹಾಕ್ಲಿ ಬಿಡು,” ಅಂದ. “ಇಲ್ಲಿ ಮಳೆ ಬಂತಾ ಅಂತ ನೀನು ಕೇಳಲೇ ಇಲ್ಲವಲ್ಲ.”