ಬಾಗಬಜಾರಿನ ಬಾಗಿಲ ಪಕ್ಕದ ಕೋಣೆ

ಕಲಕತ್ತೆಗೆ ಹೋದವರು ಸಾಮಾನ್ಯವಾಗಿ ಕಾಳೀಘಾಟ್, ದಕ್ಷಿಣೇಶ್ವರ, ಬೇಲೂರು ಮಠ (ನಮ್ಮ ಹಾಸನದ ಬೇಲೂರಲ್ಲ) ಇಷ್ಟನ್ನು ನೋಡಿ ಹಿಂದಿರುಗುತ್ತಾರೆ. ಹಿಂದೊಮ್ಮೆ ನಾವು ಮಾಡಿದ್ದೂ ಅದನ್ನೇ. ಈ ಸಲ ಚೆನ್ನೈಯಲ್ಲಿ ಹೌರಾ ಮೇಲ್ ಹತ್ತಿದಾಗ ಮಾತ್ರ ನಮ್ಮ ತಾಯಿಯವರದು ಒಂದೇ ಹಟ: "ಉಳಿದದ್ದೆಲ್ಲ ಆಮೇಲಾಯಿತು. ನಿಮ್ಮಪ್ಪನ ಪುಸ್ತಕ ಬರೆದ ಮನೆ ಮೊದಲು ತೋರಿಸಿ."

ಪುಸ್ತಕ ಬರೆದದ್ದು ನಮ್ಮ ತಂದೆಯವರಲ್ಲ. ಸ್ವಾಮಿ ಶಾರದಾನಂದರು ತಮ್ಮ ಗುರು ಶ್ರೀ ರಾಮಕೃಷ್ಣರ ಜೀವನವನ್ನು ಕುರಿತು ಬಂಗಾಳಿಯಲ್ಲಿ ಬರೆದ 'ಲೀಲಾಪ್ರಸಂಗ' ಅದು. ಕುವೆಂಪು ಅವರ 'ಶ್ರೀ ರಾಮಕೃಷ್ಣ ಪರಮಹಂಸ'ವನ್ನು ಓದಿಕೊಂಡು ಮೈಸೂರಿನಲ್ಲಿ ಬೆಳೆದ ತಂದೆಯವರು, ಮದರಾಸಿಗೆ ನೌಕರಿಗೆಂದು ಬಂದಮೇಲೆ, ಅಲ್ಲಿನ ಮೈಲಾಪುರದ ಮಠವು 1952ರಲ್ಲಿ ಪ್ರಕಟಿಸಿದ ಸ್ವಾಮಿ ಜಗದಾನಂದರ ಇಂಗ್ಲಿಷ್ ಅನುವಾದವನ್ನು ಕೊಂಡುಕೊಂಡಿದ್ದರು. ಸಂಜೆ ದೀಪ ಹಚ್ಚಿದಮೇಲೆ ಎರಡು ಪುಟ ಓದಿ, ತಾಯಿಯವರಿಗೆ ಕನ್ನಡದಲ್ಲಿ ಹೇಳುವುದು ಮನೆಯ ಪದ್ಧತಿಯಾಗಿತ್ತು. ಮುಗಿದಮೇಲೆ ಪುನಃ ಮೊದಲಿನಿಂದ. ಕೊನೆಗೆ ಬಂದಾಗಲೆಲ್ಲ, "ಇಷ್ಟೆಲ್ಲ ಬರೆದವರು ಗುರುಗಳ ಕಡೆಯ ದಿನಗಳನ್ನು ಯಾಕೆ ಬಿಟ್ಟರು ಮಾರಾಯ್ತಿ?" ಎಂದು ಕನ್ನಡಕ ತೆಗೆಯುತ್ತಿದ್ದರು. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಪ್ರಶ್ನೆ ತಾಯಿಯವರ ಪಾಲಿಗೆ ಉಳಿದಿದೆ.

ಬಾಗಬಜಾರು ಉತ್ತರ ಕಲಕತ್ತೆಯ ಹಳೆಯ ಬಡಾವಣೆ. ಗಂಗೆಯ ದಡಕ್ಕೆ ಹತ್ತಿರ. ಓಣಿ ಹುಡುಕುವುದರಲ್ಲಿಯೇ ನಾವು ಹೊತ್ತು ಕಳೆದುಕೊಂಡು, ಮನೆಯ ಮುಂದೆ ನಿಲ್ಲುವಷ್ಟರಲ್ಲಿ ಮಧ್ಯಾಹ್ನದ ಬಾಗಿಲು ಹಾಕಿತ್ತು. ಎದುರಿನ ಜಗಲಿಯ ಮೇಲೆ ಕಾದು ಕುಳಿತೆವು. ಕಾದದ್ದು ಒಳ್ಳೆಯದೇ ಆಯಿತೆನ್ನಬೇಕು. ಮನೆಯ ಕಥೆಯನ್ನು ತಾಯಿಯವರಿಗೆ ನಿಧಾನವಾಗಿ ಹೇಳಲು ಬಿಡುವು ಸಿಕ್ಕಿತು.

ಶ್ರೀ ರಾಮಕೃಷ್ಣರು 1886ರಲ್ಲಿ ದೇಹಬಿಟ್ಟಮೇಲೆ ಶ್ರೀಮಾತೆ ಶಾರದಾದೇವಿಯವರಿಗೆ ಕಲಕತ್ತೆಯಲ್ಲಿ ನೆಲೆಯೆಂಬುದು ಇರಲಿಲ್ಲ. ಬಂದಾಗಲೆಲ್ಲ ಭಕ್ತರ ಮನೆ, ಇಲ್ಲವೇ ಬಾಡಿಗೆ ಮನೆ. ಪರಊರಿನಲ್ಲಿ ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಪೆಟ್ಟಿಗೆ ಹೊತ್ತ ನಮ್ಮಂಥವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇತ್ತ ವಿವೇಕಾನಂದರ ಪ್ರೇರಣೆಯಿಂದ 1899ರಲ್ಲಿ ಹುಟ್ಟಿದ 'ಉದ್ಬೋಧನ' ಪತ್ರಿಕೆಗೂ ಸ್ವಂತ ಜಾಗವಿರಲಿಲ್ಲ. ಶಾರದಾನಂದರು ಸಾಲ ಮಾಡಿ ಈ ಮನೆ ಕಟ್ಟಿಸಿದರು: ಕೆಳಗೆ ಪತ್ರಿಕೆಯ ಕಚೇರಿ, ಮೇಲೆ ದೇವರ ಕೋಣೆ ಮತ್ತು ಶ್ರೀಮಾತೆಯವರ ವಾಸ. 1909ರ ಮೇ 23ರಂದು ಆಕೆ ಇಲ್ಲಿಗೆ ಬಂದರು. ಇನ್ನು ಸಾಲ ತೀರಬೇಕಲ್ಲ? ಅದಕ್ಕಾಗಿ ಈ ಸಂನ್ಯಾಸಿ ಲೇಖನಿ ಹಿಡಿದರು. ಬರೆದದ್ದು ಅದೇ ಪತ್ರಿಕೆಯಲ್ಲಿ ಕಂತು ಕಂತಾಗಿ ಬಂದು, ಆಮೇಲೆ ಐದು ಭಾಗಗಳ ಪುಸ್ತಕವಾಯಿತು.

"ಮನೆ ಸಾಲಕ್ಕೇ?" ಎಂದು ತಾಯಿಯವರು ನಕ್ಕರು. "ನಿಮ್ಮಪ್ಪನೂ ಮನೆ ಸಾಲ ತೀರಿಸಿದರು. ಒಂದು ಸಾಲು ಬರೆಯಲಿಲ್ಲ."

ಬಾಗಿಲು ತೆರೆಯಿತು. ಒಳಕ್ಕೆ ಕಾಲಿಡುತ್ತಲೇ ಎಡಗಡೆ ಒಂದು ಸಣ್ಣ ಕೋಣೆ. ಶಾರದಾನಂದರು ದೊಡ್ಡ ಮೈಯವರು. ಚಿತ್ರದಲ್ಲಿ ಅವರನ್ನು ಕಂಡವರಿಗೆ ಈ ಕೋಣೆ ಅವರಿಗೆ ಸಾಲುತ್ತಿತ್ತೇ ಎನಿಸುತ್ತದೆ. ಬಂದವರು ಹೋದವರೆಲ್ಲ ಹಾಯಬೇಕಾದ ಜಾಗ. ಪಕ್ಕದಲ್ಲೇ ಕಚೇರಿಯ ಗದ್ದಲ, ಮೇಲೆ ಸಂಸಾರದ ಸದ್ದು. ಸಾಲದ್ದಕ್ಕೆ ಇವರು ಮಠ ಮತ್ತು ಮಿಷನ್ನಿನ ಕಾರ್ಯದರ್ಶಿಗಳು ಬೇರೆ. ತಮ್ಮನ್ನು ಶ್ರೀಮಾತೆಯವರ ದ್ವಾರಪಾಲಕನೆಂದೇ ಹೇಳಿಕೊಳ್ಳುತ್ತಿದ್ದರಂತೆ. ಇಂಥ ಕಡೆ ಕೂತು ಅಷ್ಟು ದೊಡ್ಡ ಗ್ರಂಥ ಬರೆದದ್ದು ನಮಗೆ ಇಂದಿಗೂ ಸೋಜಿಗ. ಹುಟ್ಟಿನಿಂದ ಆರಂಭಿಸಿ ಕ್ರಮವಾಗಿ ಬರೆದದ್ದೂ ಅಲ್ಲ; ಗುರುವಾಗಿ ಶ್ರೀ ರಾಮಕೃಷ್ಣರು ಹೇಗಿದ್ದರೆಂಬುದನ್ನು ಮೊದಲು ಬರೆದು, ಬಾಲ್ಯಕ್ಕೆ ಆಮೇಲೆ ಬಂದರು. ಜನ ಅವರನ್ನು ಹುಚ್ಚರೆಂದದ್ದನ್ನೂ ಮುಚ್ಚಿಡದೆ ವಿಚಾರ ಮಾಡುತ್ತಾರೆ. ಒಂದು ಕಾಲಕ್ಕೆ ವೈದ್ಯ ಓದುತ್ತಿದ್ದವರು. ಆ ಗುಣ ಬರವಣಿಗೆಯಲ್ಲೂ ಉಳಿದಿರಬೇಕು.

ಚೆನ್ನೈಯವರಾದ ನಮಗೆ ಈ ಮನೆ ಇನ್ನೊಂದು ಬಗೆಯಿಂದಲೂ ಹತ್ತಿರದ್ದು. ಶಾರದಾನಂದರೊಡನೆ 1883ರಲ್ಲಿ ದಕ್ಷಿಣೇಶ್ವರಕ್ಕೆ ಹೋಗಿದ್ದ ಅವರ ದಾಯಾದಿ ಶಶಿಯೇ ಮುಂದೆ ಸ್ವಾಮಿ ರಾಮಕೃಷ್ಣಾನಂದರಾಗಿ, 1897ರಲ್ಲಿ ಮದರಾಸಿಗೆ ಬಂದು ಮಠ ಸ್ಥಾಪಿಸಿದವರು. 1911ರಲ್ಲಿ ಶ್ರೀಮಾತೆಯವರ ದಕ್ಷಿಣ ಯಾತ್ರೆಗೆ ಎಲ್ಲ ಏರ್ಪಾಡು ಮಾಡಿದವರೂ ಅವರೇ. ಆಗ ಆಕೆ ಬೆಂಗಳೂರಿಗೂ ಬಂದಿದ್ದರು. ಬಸವನಗುಡಿಯ ಆಶ್ರಮದಲ್ಲಿ ಆಕೆ ಕುಳಿತಿದ್ದ ಬಂಡೆಯನ್ನು ಇಂದಿಗೂ ತೋರಿಸುತ್ತಾರೆ. ಅದೇ ವರ್ಷದ ಆಗಸ್ಟಿನಲ್ಲಿ ರಾಮಕೃಷ್ಣಾನಂದರು ಕ್ಷಯದಿಂದ ತೀರಿಕೊಂಡದ್ದು ಈ ಮನೆಯಲ್ಲಿಯೇ.

ಮಹಡಿಯ ಮೇಲೆ ಶ್ರೀಮಾತೆಯವರ ಕೋಣೆ. 1920ರ ಜುಲೈ 21ರ ನಡುರಾತ್ರಿ ಕಳೆದಮೇಲೆ ಆಕೆ ಇಲ್ಲಿ ದೇಹಬಿಟ್ಟರು. ಎರಡು ವರ್ಷಕ್ಕೆ ಗುರುಭಾಯಿ ಬ್ರಹ್ಮಾನಂದರೂ ಹೋದರು. ಶಾರದಾನಂದರು ಜಯರಾಂಬಾಟಿಯಲ್ಲಿ ಆಕೆಯ ಮಂದಿರ ಕಟ್ಟಿಸಿ, 1923ರಲ್ಲಿ ಪ್ರತಿಷ್ಠೆ ಮಾಡಿಸಿದರು. ಮಠದ ಹೊರೆಯನ್ನು 1927ರಲ್ಲಿ ತೀರಿಕೊಳ್ಳುವವರೆಗೆ ಹೊತ್ತರು. ಪುಸ್ತಕವನ್ನು ಮಾತ್ರ ಪೂರ್ತಿ ಮಾಡಲಿಲ್ಲ. ತಾಯಿಯವರು ಕೆಳಗಿಳಿದು ಬಂದು ಆ ಸಣ್ಣ ಕೋಣೆಯ ಮುಂದೆ ಮತ್ತೆ ನಿಂತರು. "ಕಾಯುವುದಕ್ಕೆ ಮೇಲೆ ಯಾರೂ ಇರಲಿಲ್ಲವಲ್ಲ," ಎಂದರು. ಇದೇ ಕಾರಣವೆಂದು ನಾವು ವಾದಿಸುವುದಿಲ್ಲ. ತಂದೆಯವರಿದ್ದಿದ್ದರೆ ಒಪ್ಪುತ್ತಿದ್ದರೆಂದು ತೋರುತ್ತದೆ.

ಸಂಜೆ, ಪುಸ್ತಕದಲ್ಲಿ ಪೂರ್ತಿಯಾಗದೆ ಉಳಿದ ಜಾಗವನ್ನೂ ನೋಡಿಬಿಡೋಣವೆಂದು ಕಾಶೀಪುರದ ತೋಟದ ಮನೆಗೆ ಹೋದೆವು, ಅಲ್ಲಿಂದ ದೂರವೇನಲ್ಲ. 1886ರ ಜನವರಿ 1ರಂದು ಶ್ರೀ ರಾಮಕೃಷ್ಣರು, ಕಾಯಿಲೆಯಲ್ಲಿಯೂ, ಈ ತೋಟಕ್ಕಿಳಿದು ಭಕ್ತರನ್ನು ಮುಟ್ಟಿ ಹರಸಿದರು. ಎಲ್ಲರೂ ಅತ್ತ ಓಡಿದರು. ಇಪ್ಪತ್ತು ವರ್ಷದ ಶರತ್ ಮಾತ್ರ, ಅಂದರೆ ನಮ್ಮ ಶಾರದಾನಂದರು, ಲಾಟುವಿನೊಡನೆ ಮೇಲೆಯೇ ಉಳಿದರು. ಗುರುಗಳು ಹೊರಗೆ ಹೋಗಿರುವುದೇ ಸಮಯವೆಂದು ಕೋಣೆ ಚೊಕ್ಕಟ ಮಾಡಿ, ಹಾಸಿಗೆಯನ್ನು ಬಿಸಿಲಿಗೆ ಹಾಕುತ್ತಿದ್ದರು.

ಜನರೆಲ್ಲ ಮರದ ಕಡೆಗೆ ನಡೆದಿದ್ದರು. ನಮ್ಮ ತಾಯಿಯವರು ಅಂಗಳದಲ್ಲಿ ನಿಂತು, ಸೆರಗನ್ನು ಹಣೆಗೆ ಅಡ್ಡ ಹಿಡಿದು ಮಹಡಿಯ ಕಡೆ ನೋಡುತ್ತ, "ಹಾಸಿಗೆ ಒಣಹಾಕಿದ್ದು ಯಾವ ಕಡೆಗೋ?" ಎಂದು ಕೇಳಿದರು.